ಗಿರಣಿ ಉಳಿದರೆ ಸಾಕೇ?

ಹಳೆಯ ಕಟ್ಟಡ ಉಳಿಯಬೇಕಾದರೆ ಅದಕ್ಕೊಂದು ಹೊಸ ಉಪಯೋಗ ಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಮೀಪದ ಸಾಲ್ಟೇರ್ ಇದಕ್ಕೆ ಉದಾಹರಣೆ. 1853ರಲ್ಲಿ ಟೈಟಸ್ ಸಾಲ್ಟ್ ಎಂಬವರು ಅಲ್ಲಿ ತೆರೆದ ಉಣ್ಣೆಯ ಗಿರಣಿ 1986ರಲ್ಲಿ ನಿಂತುಹೋಯಿತು. ಮರುವರ್ಷ ಜೊನಾಥನ್ ಸಿಲ್ವರ್ ಅದನ್ನು ಕೊಂಡು ದುರಸ್ತಿ ಮಾಡಿಸಿದರು. ಇಂದು ಅಲ್ಲಿ ಚಿತ್ರಶಾಲೆ, ಪುಸ್ತಕದಂಗಡಿ, ಉಪಾಹಾರಗೃಹಗಳಿವೆ. ಕಾರ್ಮಿಕರಿಗಾಗಿ ಸಾಲ್ಟ್ ಕಟ್ಟಿಸಿದ ಮನೆಗಳ ಸಾಲುಗಳೂ ಸುತ್ತಲೂ ಉಳಿದಿವೆ. 2001ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಗಿರಣಿಯೊಂದೇ ಅಲ್ಲ, ಇಡೀ ಊರು.

ಮುಂಬಯಿಯ ಗಿರಣಿಗಳ ಕತೆ ಬೇರೆ. ಹೊಟ್ಟೆಪಾಡಿಗಾಗಿ ಆ ನಗರ ಸೇರಿದವರು ನಮ್ಮ ಕುಟುಂಬಗಳಲ್ಲಿಯೂ ಇದ್ದಾರಾದುದರಿಂದ ಅದು ನಮಗೆ ದೂರದ ಮಾತಲ್ಲ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಅವರಲ್ಲಿ ಬಹಳ ಮಂದಿಗೆ ಗಿರಣಿಯ ಕೆಲಸ ಮತ್ತೆ ಸಿಗಲೇ ಇಲ್ಲ. ಗಿರಣಿಗಳ ಜಾಗದಲ್ಲಿ ಕಚೇರಿ, ಅಂಗಡಿ, ಹೋಟೆಲುಗಳು ಬಂದವು. 2017ರ ಡಿಸೆಂಬರ್ 29ರಂದು ಕಮಲಾ ಮಿಲ್ಸ್ ಆವರಣದಲ್ಲಿ ಕಟ್ಟಡದ ಮಾಳಿಗೆಯ ಮೇಲಿದ್ದ ಹೋಟೆಲುಗಳಿಗೆ ಬೆಂಕಿ ತಗಲಿ 14 ಮಂದಿ ಪ್ರಾಣ ಕಳಕೊಂಡರು.

ಗಿರಣಿಯಲ್ಲಿ ಊಟ ಬಡಿಸುವುದು ತಪ್ಪಲ್ಲ; ಕೆಡವುವುದಕ್ಕಿಂತ ಅದೇ ಮೇಲು. ಆದರೆ ಪರವಾನಿಗೆ ನೀಡುವ ಮೊದಲು ಅಧಿಕಾರಿಗಳು ಎರಡು ಮಾತು ಕೇಳಲೇಬೇಕು. ಬೆಂಕಿ ಬಿದ್ದರೆ ಜನ ಹೊರಬರುವ ದಾರಿ ಯಾವುದು? ಇಲ್ಲಿ ದುಡಿದವರನ್ನು ನೆನಪಿಸುವಂಥದು ಏನಿದೆ? ಇವೆರಡಕ್ಕೂ ಉತ್ತರವಿಲ್ಲದಿದ್ದರೆ ಅದು ಜೀರ್ಣೋದ್ಧಾರವಲ್ಲ, ಬರೇ ವ್ಯಾಪಾರ.