ಕೈ ತೊಳೀರಿ ಅಂತಾರೆ, ನೀರೆಲ್ಲಿ?



ಕೇರಿಗೆ ನರ್ಸಮ್ಮ ಬರ್ತಾರೆ. ನೀರು ಕಾಯಿಸಿ ಕುಡೀರಿ, ಸೋಪು ಹಚ್ಚಿ ಕೈ ತೊಳೀರಿ ಅಂತಾರೆ. ಮಾತು ಸರಿಯೇ. ಆದರೆ ನಲ್ಲಿ ಊರೊಳಗೇ ನಿಂತುಬಿಟ್ಟರೆ, ಕೇರಿಗೆ ಬರೋ ಪೈಪು ಚರಂಡಿಯೊಳಗೆ ಹಾದು ಒಡೆದಿದ್ದರೆ, ಭೇದಿ ಯಾರ ತಪ್ಪು? 'ಇವರಿಗೆ ಸ್ವಚ್ಛತೆ ಗೊತ್ತಿಲ್ಲ' ಅನ್ನೋರು ರೋಗಕ್ಕೂ ಜಾತಿ ಹಚ್ಚುತ್ತಾರೆ.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಹಕ್ಕಿಗಾಗಿ. ಆ ಹಕ್ಕೇ ಆರೋಗ್ಯದ ಮೊದಲ ಪಾಠ. 1897ರ ಪ್ಲೇಗಿನಲ್ಲಿ ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗುಲಿ ತೀರಿಕೊಂಡರು. ಅವರು ಬಾಗಿಲಾಚೆ ನಿಂತು ಉಪದೇಶ ಮಾಡಲಿಲ್ಲ.

ಹಾಗಂತ ನರ್ಸಮ್ಮನ ಮೇಲೆ ಹರಿಹಾಯುವುದು ಬೇಡ. ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ್ದೇ ಲೆಕ್ಕ. 2005ರಲ್ಲಿ ಶುರುವಾದ ಯೋಜನೆಯ ಆಶಾ ಕಾರ್ಯಕರ್ತೆಗೆ ಸಿಗೋದು ಸಂಬಳವಲ್ಲ, ಗೌರವಧನ. ದುಡಿಸಿಕೊಳ್ಳೋರು ಅವಳನ್ನ ನೌಕರಳು ಅನ್ನಲ್ಲ.

ಹಾಸ್ಟೆಲಿನ ಹುಡುಗರೇ, ಹುಡುಗಿಯರೇ, ರಜೆಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಭೇದಿ ಹತ್ತಿದ ಮಗುವಿಗೆ ಕುಡಿಸೋದನ್ನ ಕಲಿಸಿ. ಆಮೇಲೆ ಕೇರಿಯೋರನ್ನ ಕರ್ಕೊಂಡು ಪಂಚಾಯ್ತಿಗೆ ಹೋಗಿ, ನಮ್ಮ ಪೈಪು ಯಾವಾಗ ಬದಲಾಯಿಸ್ತೀರಿ ಅಂತ ಅರ್ಜಿ ಕೊಟ್ಟು ಕೇಳಿ. ಮೊದಲನೆಯದು ಮಗುವನ್ನ ಉಳಿಸುತ್ತೆ. ಎರಡನೆಯದು ಭೇದಿ ಬರೋ ದಾರಿಯನ್ನೇ ಕಟ್ಟುತ್ತೆ.