ಲಿಂಕರ್ ಯಾರ ಮಾತು ಕೇಳುತ್ತದೆ?

ಮಣಿಪಾಲದ ಎಂ.ಐ.ಟಿ. ಇರಲಿ, ಕಾರ್ಕಳದ ಬಳಿಯ ನಿಟ್ಟೆ ಇರಲಿ, ಕಾಪು ಕಡೆಯ ಬಂಟಕಲ್ಲು ಇರಲಿ, ಎಂಜಿನಿಯರಿಂಗ್ ಓದುವವರ ಬ್ಯಾಗಿನಲ್ಲಿ ಈಗ ಎರಡು ಕುಲದ ಪ್ರೊಸೆಸರ್ ಇದ್ದರೆ ಆಶ್ಚರ್ಯವಿಲ್ಲ: ಲ್ಯಾಪ್‌ಟಾಪಿನಲ್ಲಿ ಇಂಟೆಲ್, ಪ್ರಾಜೆಕ್ಟಿನ ರಾಸ್‌ಬೆರಿ ಪೈಯಲ್ಲಿ ಆರ್ಮ್. ಪೈಗೆಂದು ಕಂಪೈಲ್ ಮಾಡಿದ ಕಡತವನ್ನು ಲ್ಯಾಪ್‌ಟಾಪಿನ ಲಿಂಕರಿಗೆ (ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಒಂದು ಪ್ರೋಗ್ರಾಮ್ ಮಾಡುವ ಸಾಧನಕ್ಕೆ) ಕೊಟ್ಟರೆ ಅದು ‘ಇಎಂ: 183’ ಎಂದೇನೋ ಗೊಣಗಿ ಕೆಲಸ ನಿಲ್ಲಿಸುತ್ತದೆ.

183 ಎಂಬುದು ಕಡತವೇ ಹೇಳಿಕೊಂಡ ಕುಲ. ಲಿನಕ್ಸಿನ ಆಬ್ಜೆಕ್ಟ್ ಕಡತಗಳದು ಇಎಲ್‌ಎಫ್ ರೂಪ. ಐದನೆಯ ಬೈಟು 32 ಬಿಟ್ಟೋ 64 ಬಿಟ್ಟೋ ಎಂದು ಹೇಳುತ್ತದೆ. 18 ಬೈಟು ದಾಟಿದರೆ ಯಂತ್ರದ ಸಂಖ್ಯೆ. 3 ಅಂದರೆ 32 ಬಿಟ್ ಇಂಟೆಲ್, 62 ಅಂದರೆ ಅದರ 64 ಬಿಟ್ ವಂಶ, 183 ಅಂದರೆ 64 ಬಿಟ್ ಆರ್ಮ್, 243 ಅಂದರೆ ರಿಸ್ಕ್-ಫೈವ್. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್ ಈ ಕೊನೆಯ ಕುಲದ್ದು.

ಹಣೆಯಲ್ಲೇ ಬರೆದಿರುವಾಗ ಓದಿಕೊಂಡು ಮುಂದುವರಿಯಬಾರದೇ? ಗ್ನೂ ಲಿಂಕರ್ ಹಾಗೆ ಮಾಡದು. ‘ಎಂ’ ಆಯ್ಕೆಯಲ್ಲಿ ಹೇಳಿದ ಗುರಿಯೇ ಅದಕ್ಕೆ ಪ್ರಮಾಣ. ಹೇಳದಿದ್ದರೆ ಲಿಂಕರನ್ನು ಕಟ್ಟಿದಾಗಲೇ ಗೊತ್ತುಮಾಡಿದ ಗುರಿ. ನಮಗೆ ಇದು ತಿಳಿಯದೇ ಹೋಗುವುದು ಜಿಸಿಸಿ ಕಂಪೈಲರ್ ಆ ಆಯ್ಕೆಯನ್ನು ತಾನೇ ದಾಟಿಸುವುದರಿಂದ. ಎಲ್‌ಎಲ್‌ವಿಎಂ ಬಳಗದ ಲಿಂಕರ್ ಎಲ್‌ಎಲ್‌ಡಿ ಮಾತ್ರ, ಯಾರೂ ಏನೂ ಹೇಳದಿದ್ದರೆ, ಮೊದಲು ಸಿಕ್ಕ ಆಬ್ಜೆಕ್ಟ್ ಕಡತದ ಕುಲವನ್ನೇ ಗುರಿಯೆಂದು ಹಿಡಿಯುತ್ತದೆ. ಯಕ್ಷಗಾನದಲ್ಲಿ ಭಾಗವತರು ಶ್ರುತಿ ಹಿಡಿಯುತ್ತಾರೆ. ಇಲ್ಲಿ ಮೊದಲು ಬಾಯಿ ತೆರೆದವನದೇ ಶ್ರುತಿ.

ಅನುಕೂಲವೇನೋ ಹೌದು. ಆದರೆ ತಪ್ಪಿ ಬಂದ ಕಡತವೇ ಸಾಲಿನಲ್ಲಿ ಮೊದಲಿದ್ದರೆ, ಸರಿಯಾದವುಗಳ ಮೇಲೆಯೇ ‘ಹೊಂದುವುದಿಲ್ಲ’ ಎಂಬ ಆರೋಪ ಬರುತ್ತದೆ. ಬೇರೆ ಬೇರೆ ಯಂತ್ರಗಳಿಗೆ ಕೋಡ್ ಕಟ್ಟುವವರು ಗುರಿಯನ್ನು ಬಾಯಿಬಿಟ್ಟು ಹೇಳುವುದೇ ಮೇಲೆಂದು ನನ್ನ ಮತ.

ಗ್ನೂ ಲಿಂಕರೇನೂ ಸಾಧುವಲ್ಲ. ಲೈಬ್ರರಿ ಹುಡುಕುವಾಗ ಬೇರೆ ಕುಲದ್ದು ಕಂಡರೆ ‘ಬಿಟ್ಟು ಮುಂದೆ ಹೋಗುತ್ತಿದ್ದೇನೆ’ ಎಂದು ಒಂದು ಸಾಲು ಹೇಳಿ ದಾಟುತ್ತದೆ. ಒಂದೇ ಗಣಕದಲ್ಲಿ 32, 64 ಎರಡೂ ಬಗೆಯ ಲೈಬ್ರರಿಗಳಿರುವಾಗ ಇದು ಬೇಕಾದದ್ದೇ. ಸರಿಯಾದದ್ದು ಎಲ್ಲೂ ಸಿಗದಿದ್ದರೆ ಮಾತ್ರ ಕೊನೆಯ ಸಾಲು ‘ಲೈಬ್ರರಿ ಸಿಗಲಿಲ್ಲ’. ಕಡತ ಕಣ್ಣೆದುರೇ ಇದೆ! ಕೊನೆಯ ಸಾಲನ್ನಷ್ಟೇ ಓದುವ ಹುಡುಗರು ಲೈಬ್ರರಿಯನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತ ಕೂರುತ್ತಾರೆ. ‘ರೀಡೆಲ್ಫ್’ ಆದೇಶಕ್ಕೆ ‘ಎಚ್’ ಆಯ್ಕೆ ಸೇರಿಸಿ ಓಡಿಸಿದರೆ ‘ಮಷೀನ್’ ಎಂಬ ಸಾಲಿನಲ್ಲಿ ಆ ಕಡತದ ಕುಲ ಕಾಣಿಸುತ್ತದೆ.