ಮುಂದಿನ ಸಾಲಿನ ಕುರ್ಚಿ ಯಾರದು?

ಜಾತ್ರೆಗೆ ತಮಟೆ ಬೇಕು. ಹೆಣಕ್ಕೆ ತಮಟೆ ಬೇಕು. ಮಂತ್ರಿ ಬಂದರೆ ಕಾರಿನ ಮುಂದೆ ತಮಟೆ ಬೇಕೇ ಬೇಕು. ತಮಟೆ ಹೊಡೆಯೋನು ಮಾತ್ರ ಊಟದ ಪಂಕ್ತಿಯಲ್ಲಿ ಬೇಡ, ಎಷ್ಟೋ ಊರುಗಳಲ್ಲಿ ಇವತ್ತಿಗೂ ಗುಡಿಯ ಒಳಗೆ ಬೇಡ. ಇದು ನಮಗೆಲ್ಲ ಗೊತ್ತಿರೋ ಸಂಗತಿಯೇ. ನಾವೀಗ ಹೇಳಹೊರಟಿರುವುದು ಇದೇ ಲೆಕ್ಕಾಚಾರವನ್ನು ಅಮೆರಿಕದ ನ್ಯೂಯಾರ್ಕ್ ಪಟ್ಟಣದ ಒಂದು ನೆಲಮಾಳಿಗೆಯ ಕ್ಲಬ್ಬು ಹೇಗೆ ತಲೆಕೆಳಗು ಮಾಡಿತು, ಆಮೇಲೆ ಅದರ ಗತಿ ಏನಾಯಿತು ಅನ್ನೋದನ್ನು.

ಅಮೆರಿಕದ ಕತೆ ನಮಗ್ಯಾಕೆ ಅನ್ನೋ ಗೆಳೆಯರಿಗೆ ಒಂದೇ ಮಾತು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಪ್ಯಾಂಥರ್ ಅನ್ನೋ ಹೆಸರು ತಂದದ್ದೂ ಅಲ್ಲಿಂದಲೇ. ನೆಂಟಸ್ತಿಕೆ ಹಳೇದು.

ಹಾರ್ಲೆಮ್ ಅನ್ನೋದು ನ್ಯೂಯಾರ್ಕಿನ ಕಪ್ಪು ಜನರ ಕೇರಿ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಅದರ ಮಗ್ಗುಲಲ್ಲೇ ಇದೆ. ಆ ಕೇರಿಯೊಳಗೆ 1923ರಿಂದ ಕಾಟನ್ ಕ್ಲಬ್ ಅಂತ ಒಂದಿತ್ತು. ಕಳ್ಳ ಹೆಂಡದ ದಂಧೆಯ ರೌಡಿ ಓವ್ನಿ ಮ್ಯಾಡನ್ ಅದರ ಒಡೆಯ. ಡ್ಯೂಕ್ ಎಲಿಂಗ್ಟನ್‌ನಂಥ ಮಹಾ ಸಂಗೀತಗಾರ 1927ರಿಂದ ಅಲ್ಲಿ ವಾದ್ಯ ನುಡಿಸಿದ. ನುಡಿಸುವವರು, ಹಾಡುವವರು, ಕುಣಿಯುವವರು ಎಲ್ಲ ಕಪ್ಪು ಜನ. ಕುರ್ಚಿಯಲ್ಲಿ ಕೂತು ಕುಡಿಯುವವರು ಬಿಳಿಯರು. ಆ ಕೇರಿಯ ಜನಕ್ಕೇ ಆ ಬಾಗಿಲು ಮುಚ್ಚಿತ್ತು. ವೇದಿಕೆಯ ಅಲಂಕಾರವಾದರೂ ಎಂಥದು? ಗುಲಾಮರು ಬೆವರು ಸುರಿಸಿದ ಹತ್ತಿ ತೋಟದ್ದು! ಕುಣಿಯಲು ಆರಿಸುತ್ತಿದ್ದದ್ದು ತೆಳು ಬಣ್ಣದ ಹುಡುಗಿಯರನ್ನು. ವರಾನ್ವೇಷಣೆಯ ಜಾಹೀರಾತಿನಲ್ಲಿ ಗೋಧಿ ಮೈಬಣ್ಣ ಕೇಳೋ ನಮ್ಮ ದೇಶಕ್ಕೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಎದುರಾಗಿ ಎದ್ದದ್ದು ಕೆಫೆ ಸೊಸೈಟಿ. 1938ರ ಡಿಸೆಂಬರ್ ಕೊನೆಗೆ ಗ್ರೀನಿಚ್ ವಿಲೇಜ್ ಎಂಬ ಪೇಟೆಯ ಶೆರಿಡನ್ ಚೌಕದಲ್ಲಿ, ಒಂದು ನೆಲಮಾಳಿಗೆಯಲ್ಲಿ ಶುರುವಾಯಿತು. ತೆರೆದವನು ಬಾರ್ನಿ ಜೋಸೆಫ್ಸನ್. ಲಾಟ್ವಿಯಾ ದೇಶದಿಂದ ವಲಸೆ ಬಂದ ಯಹೂದಿ ಸಂಸಾರದ ಮಗ, ಬೂಟಿನ ಅಂಗಡಿಯಲ್ಲಿ ದುಡಿದವನು. ಕಪ್ಪು ಜನ ಮತ್ತು ಬಿಳಿಯರು ವೇದಿಕೆಯ ಮೇಲೂ ಕೆಳಗೂ ಒಟ್ಟಿಗಿರಬೇಕು ಅನ್ನೋದು ಅವನ ಹಟ. ಬೇರೆ ಕ್ಲಬ್ಬುಗಳು ಕಪ್ಪು ಜನರನ್ನು ಒಳಗೆ ಬಿಟ್ಟರೂ ಕಂಬದ ಹಿಂದೆ, ಮೂಲೆಯಲ್ಲಿ ಕೂರಿಸುತ್ತಿದ್ದವು. ಇಲ್ಲಿ ಮುಂದಿನ ಮೇಜಿನಲ್ಲೇ ಕೂರಿಸಿದರು. ಪಕ್ಕದ ಬಿಳಿಯ ಗೊಣಗಿದರೆ, ಇಷ್ಟವಿಲ್ಲದಿದ್ದರೆ ಎದ್ದು ಹೋಗಬಹುದು ಅಂತ ಅವನಿಗೇ ಬಾಗಿಲು ತೋರಿಸಿದರು. ಶ್ರೀಮಂತರನ್ನು ಅಣಕಿಸುವುದಕ್ಕೆ ಬಾಗಿಲಲ್ಲಿ ಹರಕು ಬಟ್ಟೆಯ, ಬೆರಳು ಕತ್ತರಿಸಿದ ಬಿಳಿ ಕೈಗವಸಿನ ದ್ವಾರಪಾಲಕನನ್ನು ನಿಲ್ಲಿಸಿದ್ದರು. ಬಾಗಿಲು ಅವನು ತೆಗೀತಿರಲಿಲ್ಲ. ಬಂದವರೇ ತೆಕ್ಕೊಂಡು ಒಳಗೆ ಹೋಗಬೇಕು!

ಸಂಗೀತಗಾರರನ್ನು ಹುಡುಕಿ ಕೊಟ್ಟವನು ಜಾನ್ ಹ್ಯಾಮಂಡ್. ಆಲ್ಬರ್ಟ್ ಆಮನ್ಸ್, ಪೀಟ್ ಜಾನ್ಸನ್, ಮೀಡ್ ಲಕ್ಸ್ ಲೂಯಿಸ್ ಎಂಬ ಮೂವರು ಪಿಯಾನೋ ನುಡಿಸಿದರು. ಈ ಲೂಯಿಸ್, ಕೆಲವೇ ವರ್ಷ ಹಿಂದೆ ಶಿಕಾಗೋದಲ್ಲಿ ಕಾರು ತೊಳೆದು ಹೊಟ್ಟೆ ಹೊರೆಯುತ್ತಿದ್ದವನು. ಮೊದಲ ದಿನಗಳಲ್ಲೇ ಹಾಡಲು ಬಂದವಳು ಬಿಲಿ ಹಾಲಿಡೇ, ಆಗಿನ್ನೂ 23 ವರ್ಷದವಳು.

ಅವಳ ಒಂದು ಹಾಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 'ಸ್ಟ್ರೇಂಜ್ ಫ್ರೂಟ್' ಅಂತ ಅದರ ಹೆಸರು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಗುಂಪು ಕಪ್ಪು ಮನುಷ್ಯರನ್ನು ಹೊಡೆದು ಮರಕ್ಕೆ ನೇತುಹಾಕುತ್ತಿದ್ದುದರ ಮೇಲಿನ ಹಾಡು. ಅಂಥ ಕೊಲೆಯ ಫೋಟೋ ನೋಡಿ ಏಬಲ್ ಮೀರೋಪೋಲ್ ಎಂಬ ಹೈಸ್ಕೂಲು ಮೇಷ್ಟ್ರು ಬರೆದದ್ದು. 1937ರಲ್ಲಿ ಮೇಷ್ಟ್ರುಗಳ ಸಂಘದ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ದೊಡ್ಡ ಪತ್ರಿಕೆ ಅಲ್ಲ, ಗಮನಿಸಿ. 1939ರಲ್ಲಿ ಬಿಲಿ ಇದನ್ನು ಕೆಫೆ ಸೊಸೈಟಿಯಲ್ಲಿ ಹಾಡಿದಾಗ ಒಂದು ಕಟ್ಟುನಿಟ್ಟು ಇತ್ತು. ಇದು ಕಾರ್ಯಕ್ರಮದ ಕೊನೇ ಹಾಡು. ಹಾಡು ಶುರುವಾಗುವ ಮುಂಚೆ ಮಾಣಿಗಳು ಬಡಿಸೋದು ನಿಲ್ಲಿಸಬೇಕು, ಗಲ್ಲಾಪೆಟ್ಟಿಗೆ ಸದ್ದು ಮಾಡಬಾರದು. ದೀಪವೆಲ್ಲ ಆರಿ ಅವಳ ಮುಖದ ಮೇಲೆ ಮಾತ್ರ ಬೆಳಕು. ಹಾಡು ಮುಗೀತು, ಆ ಬೆಳಕೂ ಆರಿತು. ದೀಪ ಹತ್ತಿದಾಗ ಅವಳು ಅಲ್ಲಿಲ್ಲ. ಜನ ಎಷ್ಟೇ ಚಪ್ಪಾಳೆ ತಟ್ಟಿದರೂ ಬಂದು ಕೈಮುಗಿಯೋದಿಲ್ಲ, ಇನ್ನೊಂದು ಹಾಡೋದಿಲ್ಲ. ದೊಡ್ಡ ರೆಕಾರ್ಡ್ ಕಂಪನಿ ಕೊಲಂಬಿಯಾ ಇದನ್ನು ಮುಟ್ಟಲು ಹೆದರಿತು. ಕಮಡೋರ್ ಎಂಬ ಸಣ್ಣ ಕಂಪನಿ ಆ ವರ್ಷದ ಏಪ್ರಿಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿತು.

ನಮ್ಮ ಸಭೆಗಳಲ್ಲಿ ಏನು ನಡೀತದೆ? ಮುಖ್ಯ ಅತಿಥಿ ತಡವಾದರೆ 'ಏ, ಎರಡು ಹಾಡು ಹಾಡ್ರೋ' ಅಂತೀವಿ. 2000ನೇ ಇಸವಿಯಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ನಮ್ಮವರನ್ನು ಸುಟ್ಟರು, ಆರೋಪಿಗಳೆಲ್ಲ ಖುಲಾಸೆ ಆದರು. ಅಂಥದ್ದರ ಮೇಲೆ ನಮ್ಮ ಹುಡುಗ ಎದೆ ಒಡೆದು ಹಾಡುವಾಗ ಹಿಂದೆ ಕುರ್ಚಿ ಎಳೆಯೋ ಸದ್ದು, ಮೈಕಿನಲ್ಲಿ 'ಹಲೋ ಹಲೋ'. ಹಾಡು ಅಂದರೆ ಭಾಷಣದ ನಡುವಿನ ಉಪ್ಪಿನಕಾಯಿ ಅಂತ ತಿಳಿದಿದ್ದೇವೆ.

ಈ ಕ್ಲಬ್ಬಿನಲ್ಲಿ ಬೆಳೆದ ಇನ್ನೊಬ್ಬಳು ಹೇಜಲ್ ಸ್ಕಾಟ್, ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿದ ಪಿಯಾನೋ ವಾದಕಿ. ನಮ್ಮ ಮಟ್ಟಿಗೆ ಇವಳೇ ದೊಡ್ಡವಳು. ಸಿನಿಮಾದವರು ಕರೆದರು. ಗಂಡಂದಿರನ್ನು ಯುದ್ಧಕ್ಕೆ ಬೀಳ್ಕೊಡುವ ದೃಶ್ಯದಲ್ಲಿ ಕಪ್ಪು ಹೆಂಗಸರಿಗೆ ಕೊಳಕು ಏಪ್ರನ್ ತೊಡಿಸಿದ್ದಕ್ಕೆ ಮೂರು ದಿನ ಕೆಲಸ ನಿಲ್ಲಿಸಿ ಕೂತಳು, ಬಟ್ಟೆ ಬದಲಾಯಿಸಿಸಿದ ಮೇಲೇ ಎದ್ದಳು. ಸಿನಿಮಾದ ಅನ್ನವನ್ನು ಅದರಿಂದಲೇ ಕಳಕೊಂಡಳು. ಕಚೇರಿಗೆ ಕರೆದವರ ಹತ್ತಿರ ಮೊದಲೇ ಕರಾರು ಬರೆಸುತ್ತಿದ್ದಳು: ಕಪ್ಪು ಜನರನ್ನು, ಬಿಳಿಯರನ್ನು ಬೇರೆ ಬೇರೆ ಕೂರಿಸಿದರೆ ನುಡಿಸೋದಿಲ್ಲ. ಟೆಕ್ಸಾಸ್‌ನ ಆಸ್ಟಿನ್ ಪಟ್ಟಣದಲ್ಲಿ ಹಾಗೆ ಕೂರಿಸಿದ್ದು ಕಂಡು ನುಡಿಸದೆ ಎದ್ದು ನಡೆದೇಬಿಟ್ಟಳು.

ಇಂಥದ್ದನ್ನು ಎಷ್ಟು ದಿನ ಸಹಿಸಿಯಾರು? ಕಮ್ಯುನಿಸ್ಟರನ್ನು ಹಿಡಿಯುವ ಹೆಸರಿನಲ್ಲಿ ಬೇಟೆ ಶುರುವಾಯಿತು. 1947ರಲ್ಲಿ ಬಾರ್ನಿಯ ಅಣ್ಣ ಲಿಯಾನ್‌ನನ್ನು ಸಂಸತ್ತಿನ ವಿಚಾರಣಾ ಸಮಿತಿ ಕರೆಯಿತು. ಅವನು ಸಾಕ್ಷಿ ಹೇಳಲು ಒಪ್ಪಲಿಲ್ಲ, ಜೈಲಾಯಿತು. ಪತ್ರಿಕೆಗಳು ತಮ್ಮನ ಮೇಲೂ ಕ್ಲಬ್ಬಿನ ಮೇಲೂ ಬಿದ್ದವು. ಗಿರಾಕಿಗಳು ಹೆದರಿ ದೂರವಾದರು. 1940ರಲ್ಲಿ ತೆರೆದಿದ್ದ ಎರಡನೇ ಕ್ಲಬ್ಬೂ ಸೇರಿ, ಎರಡು ಮೂರು ವರ್ಷದೊಳಗೆ ಎಲ್ಲ ಬಾಗಿಲು ಹಾಕಿದವು. ಕ್ಲಬ್ಬನ್ನು ಮುಚ್ಚಲು ಯಾರೂ ಬೀಗ ತರಲಿಲ್ಲ, ನೋಡಿ. ಹೆಸರು ಕೆಡಿಸಿದರು, ಅಷ್ಟು ಸಾಕಾಯಿತು. 1950ರಲ್ಲಿ ಹೇಜಲ್ ತಾನೇ ಆ ಸಮಿತಿಯ ಮುಂದೆ ಹೋಗಿ ಎದುರು ಮಾತಾಡಿದಳು. ವಾರದೊಳಗೆ ಅವಳ ಟೆಲಿವಿಷನ್ ಕಾರ್ಯಕ್ರಮ ನಿಂತಿತು.

ಈ ಕ್ಲಬ್ಬನ್ನು ಹೊಗಳುವವರು ಬಾರ್ನಿಯ ಒಳ್ಳೆಯತನವನ್ನೇ ಹೊಗಳುತ್ತಾರೆ. ಒಳ್ಳೆಯವನು, ಇಲ್ಲವೆನ್ನೋದಿಲ್ಲ. ಆದರೆ ಅದು ಅವನ ಕ್ಲಬ್ಬು. ಒಡೆಯನಿಗೆ ಪೆಟ್ಟು ಬಿದ್ದಾಗ ಹಾಡುವವರ ವೇದಿಕೆಯೂ ಬಿತ್ತು. ಮುಂದಿನ ಕುರ್ಚಿಯನ್ನು ಅವನು ಕೊಟ್ಟಿದ್ದ, ಅವನೊಟ್ಟಿಗೇ ಹೋಯಿತು. ಹೇಜಲ್‌ಳ ಕರಾರು ಹಾಗಲ್ಲ. ಅದು ಅವಳ ಜೇಬಿನಲ್ಲೇ ಇತ್ತು, ಯಾವ ಊರಿಗೆ ಹೋದರೂ ಜೊತೆಗೆ ಬರುತ್ತಿತ್ತು. ನಾವು ಕಲಿಯಬೇಕಾದ್ದು ಬಾರ್ನಿಯಿಂದಲ್ಲ, ಅವಳಿಂದ.

ಹಾಸ್ಟೆಲ್ಲುಗಳಲ್ಲಿ ಹಾಡಿನ ತಂಡ, ತಮಟೆ ತಂಡ ಕಟ್ಟಿರುವ ಗೆಳೆಯರಿಗೆ ನಮ್ಮ ಸೂಚನೆ ಇಷ್ಟು. ಕಾಲೇಜಿನ ಹಬ್ಬಕ್ಕೋ ಇಲಾಖೆಯ ಉತ್ಸವಕ್ಕೋ ಕರೆ ಬಂದರೆ ಕುಣಿದುಕೊಂಡು ಹೊರಡಬೇಡಿ. ಮೊದಲು ಒಂದು ಬಿಳಿ ಹಾಳೆ ತಗೊಳ್ಳಿ. ಆಹ್ವಾನ ಪತ್ರಿಕೆಯಲ್ಲಿ 'ಜಾನಪದ ತಂಡದಿಂದ' ಅಂತ ಅಲ್ಲ, ಹುಡುಗರ ಹೆಸರು ಹಾಕಬೇಕು. ಊಟ ಎಲ್ಲರ ಜೊತೆ ಅದೇ ಪಂಕ್ತಿಯಲ್ಲಿ. ಕಾರಿನ ಮುಂದೆ ನಡೆದು ಬಡಿಯೋದಿಲ್ಲ, ವೇದಿಕೆ ಮೇಲೆ ಬಡಿಯುತ್ತೇವೆ. ನೋಡಲು ಬರುವ ನಮ್ಮ ಕೇರಿಯ ಅಪ್ಪ ಅವ್ವಂದಿರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಬಸ್ ಚಾರ್ಜು, ಸಂಭಾವನೆ ಎಷ್ಟು ಅಂತ ಮೊದಲೇ ಬರೀಬೇಕು. ಕರೆದವರ ಸಹಿ ಬಿದ್ದಮೇಲೆ ತಮಟೆ ಕಾಯಿಸೋಕೆ ಬೆಂಕಿ ಹಾಕಿ. ಯಾವ ತಂಡ ಇದನ್ನು ಮೊದಲು ಮಾಡುತ್ತದೋ ಆ ಹಾಳೆಯ ಒಂದು ಪ್ರತಿಯನ್ನು ನಮಗೆ ಕಳಿಸಿಕೊಡಿ. ಇದೇ ಪುಟದಲ್ಲಿ ಹಾಕುತ್ತೇವೆ.